ಟೂರ್‌ಗೆ ಕಳಿಸಲಾ, ಬೇಡ್ವಾ?

ಶಾಲೆಗಳಿಂದ ಪ್ರವಾಸದ ಸುತ್ತೋಲೆ ಮನೆಗೆ ಬರುವ ಸಮಯ ಬಂದರೆ ಸಾಕು, ನನಗೆ ಬರುವ ಪತ್ರಗಳ ಕಟ್ಟು ದಪ್ಪವಾಗುತ್ತದೆ. ಈ ಸಲ ಮುಕ್ಕಾಲು ಪಾಲು ಪತ್ರಗಳದ್ದು ಇದೇ ವಿಷಯ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ಟೀಚರ್ ಆಗಿ ಊರವರ ಮಕ್ಕಳನ್ನು ಟೂರ್‌ಗೆ ಕರೆದುಕೊಂಡು ಹೋದವಳು ನಾನು. ತಾಯಿಯಾಗಿ ನನ್ನ ಮಕ್ಕಳನ್ನು ಕಳಿಸಿ, ಫೋನ್ ಪಕ್ಕದಲ್ಲೇ ಕೂತವಳೂ ಹೌದು. ಎರಡೂ ಕಡೆಯಿಂದ ಗೊತ್ತಿರುವುದನ್ನು ಬರೆಯುತ್ತೇನೆ.

ಪ್ರಶ್ನೆ: ಮೇಡಂ, ನನ್ನ ಮಗಳು ಏಳನೇ ಕ್ಲಾಸು. ಶಾಲೆಯಿಂದ ಮೂರು ದಿನದ ಟೂರ್ ಹೊರಟಿದ್ದಾರೆ. ಎರಡು ರಾತ್ರಿ ಹೊರಗೆ ಉಳಿಯಬೇಕು. ಪ್ರವಾಸಕ್ಕೆ ಹೋದ ಬಸ್ಸೊಂದು ಮಗುಚಿದ ಸುದ್ದಿಯನ್ನು ಟಿವಿಯಲ್ಲಿ ನೋಡಿದ ಮೇಲೆ ನಮ್ಮ ಯಜಮಾನರು ಖಡಾಖಂಡಿತವಾಗಿ ಬೇಡ ಅಂದುಬಿಟ್ಟಿದ್ದಾರೆ. ಮಾತು ಎತ್ತಲೂ ಬಿಡುತ್ತಿಲ್ಲ. ಮಗಳು ಊಟಕ್ಕೆ ಕರೆದರೂ ರೂಮಿನಿಂದ ಹೊರಗೆ ಬರುವುದಿಲ್ಲ. ಕ್ಲಾಸಿನಲ್ಲಿ ಹೋಗದವಳು ತಾನೊಬ್ಬಳೇ ಅಂತ ಅಳುತ್ತಾಳೆ. ನನಗೂ ಒಳಗೊಳಗೇ ಹೆದರಿಕೆ. ಆದರೂ ಕಳಿಸಬೇಕು ಅನಿಸುತ್ತದೆ. ಏನು ಮಾಡಲಿ?
– ಇಬ್ಬರ ನಡುವೆ ಸಿಕ್ಕಿಕೊಂಡ ತಾಯಿ

ಉತ್ತರ: ಮೊದಲಿಗೆ, ನಿಮ್ಮ ಯಜಮಾನರ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಬೇಡಿ. ಅವರು ಹೆದರಿರುವುದು ಹೆದರಬೇಕಾದ ವಿಷಯಕ್ಕೇ. 5ರಿಂದ 29 ವರ್ಷದವರ ಸಾವಿಗೆ ಜಗತ್ತಿನಲ್ಲಿ ಮೊದಲನೇ ಕಾರಣ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಶಾಲೆ ಪ್ರವಾಸದಲ್ಲಿ ನಾನು ನಿಜಕ್ಕೂ ಹೆದರುವುದು ಎರಡಕ್ಕೆ. ಒಂದು ರಸ್ತೆ, ಇನ್ನೊಂದು ನೀರು. ಜಾರಿ ಬೀಳುವುದು, ಹೊಟ್ಟೆ ಕೆಡುವುದು, ಬಟ್ಟೆ ಕಳೆದುಕೊಂಡು ಬರುವುದು ಎಲ್ಲ ಇದ್ದದ್ದೇ. ಅವಕ್ಕೆ ಮದ್ದಿದೆ.

ಆದರೆ ‘ಟೂರ್ ಅಂದ್ರೆ ಅಪಾಯ’ ಅಂತ ನಿಂತುಬಿಟ್ಟರೆ ಮುಂದೆ ಮಾತಿಗೆ ಜಾಗವೇ ಇರುವುದಿಲ್ಲ. ಹಾಗೆಯೇ ‘ಎಲ್ಲರೂ ಹೋಗ್ತಾರೆ’ ಅನ್ನುವುದೂ ಕಾರಣವಲ್ಲ. ನೀವಿಬ್ಬರೂ ಕೂತು ನೋಡಬೇಕಾದದ್ದು ಈ ಒಂದು ಟೂರನ್ನು. ಈ ಬಸ್ಸು, ಈ ದಾರಿ, ಈ ಟೀಚರ್‌ಗಳು. ಇವರ ಜೊತೆ ಕಳಿಸಬಹುದಾ?

ಅದಕ್ಕೆ ಶಾಲೆಯನ್ನು ಕೇಳಿ. ಮೊದಲು ಬಸ್ಸಿನ ವಿಷಯ. ಎಷ್ಟು ಹೊತ್ತಿಗೆ ಹೊರಡುತ್ತದೆ, ಎಷ್ಟು ಹೊತ್ತಿಗೆ ಮುಟ್ಟುತ್ತದೆ? ರಾತ್ರಿ ಓಡುತ್ತದಾ? ಒಂದು ದಿನ ಉಳಿಯುತ್ತದೆ ಅಂತ ರಾತ್ರಿಯೆಲ್ಲ ಬಸ್ಸು ಓಡಿಸುವ ಟೂರ್‌ಗಳಿವೆ. ನಾನಾಗಿದ್ದರೆ ಅಂಥದ್ದಕ್ಕೆ ಕಳಿಸುವುದಿಲ್ಲ, ಅದು ಎಷ್ಟೇ ಹೆಸರುವಾಸಿ ಶಾಲೆಯಾಗಿರಲಿ. ರಾತ್ರಿ 2ರಿಂದ ಬೆಳಗಿನ 6ರವರೆಗೆ ಮನುಷ್ಯನ ಮೈಗೆ ನಿದ್ದೆ ಒತ್ತಿಕೊಂಡು ಬರುವ ಹೊತ್ತು. ಹಳೆಯ, ಪಳಗಿದ ಡ್ರೈವರ್‌ಗೂ ಬರುತ್ತದೆ. ಮುಖಕ್ಕೆ ನೀರು ಚಿಮುಕಿಸಿಕೊಂಡರೆ ಹೋಗುವ ನಿದ್ದೆಯಲ್ಲ ಅದು. ಡ್ರೈವರ್ ಒಬ್ಬರೋ ಇಬ್ಬರೋ ಕೇಳಿ. ಹಗಲೆಲ್ಲ ಓಡಿಸಿದವರು ರಾತ್ರಿ ಎಲ್ಲಿ ಮಲಗುತ್ತಾರೆ ಅಂತಲೂ ಕೇಳಿ. ಮಕ್ಕಳಿಗೆ ಹಾಸಿಗೆ ಇದ್ದು, ಡ್ರೈವರ್ ಮಾತ್ರ ಬಸ್ಸಿನ ಸೀಟಿನಲ್ಲೇ ಮುದುಡಿಕೊಂಡರೆ, ಮರುದಿನ ಬೆಳಗ್ಗೆ ಅದೇ ಮನುಷ್ಯನ ಕೈಯಲ್ಲಿ ನಿಮ್ಮ ಮಗು ಇರುತ್ತದೆ. ಸೀಟಿಗಿಂತ ಜಾಸ್ತಿ ಮಕ್ಕಳನ್ನು ತುಂಬುತ್ತಾರಾ, ಸೀಟ್ ಬೆಲ್ಟ್ ಇದೆಯಾ, ಇದ್ದರೆ ಹಾಕಿಸುತ್ತಾರಾ ಅನ್ನುವುದನ್ನೂ ಬಿಡಬೇಡಿ.

ಎರಡನೆಯದು, ಮಕ್ಕಳನ್ನು ಎಣಿಸುವುದು ಯಾರು, ಹೇಗೆ? ಇದು ಚಿಕ್ಕ ವಿಷಯ ಅನಿಸಬಹುದು. ನನಗೆ ಇದೇ ದೊಡ್ಡದು. ಬಸ್ಸಿನೊಳಗೆ ನಿಂತು ಹಾಜರಿ ಕೂಗಿದರೆ ಸಾಲದು. ಹಿಂದಿನ ಸೀಟಿನಿಂದ ಗೆಳತಿಯ ಪರವಾಗಿ ಗೆಳತಿಯೇ ‘ಯೆಸ್ ಮಿಸ್’ ಅನ್ನುತ್ತಾಳೆ. ಅವಳು ಇನ್ನೂ ಟಾಯ್ಲೆಟ್ಟಿನ ಸಾಲಿನಲ್ಲಿರುತ್ತಾಳೆ, ಬಸ್ಸು ಹೊರಟಿರುತ್ತದೆ. ನಮ್ಮಲ್ಲಿ ಒಬ್ಬ ಪಿಟಿ ಮೇಷ್ಟ್ರು ಇದ್ದರು. ಬಸ್ಸಿನ ಬಾಗಿಲಲ್ಲೇ ನಿಲ್ಲುತ್ತಿದ್ದರು. ಒಂದೊಂದು ಮಗು ಮೆಟ್ಟಿಲು ಹತ್ತುವಾಗ ಅದರ ಭುಜ ಮುಟ್ಟಿ, ಹೆಸರು ಹೇಳಿ, ಕೈಯಲ್ಲಿದ್ದ ಪಟ್ಟಿಯಲ್ಲಿ ಗೀಟು ಎಳೆಯುತ್ತಿದ್ದರು. ಎಲ್ಲ ಹತ್ತಿದ ಮೇಲೆ ಇನ್ನೊಬ್ಬ ಟೀಚರ್ ಹಿಂದಿನಿಂದ ಮುಂದಕ್ಕೆ ನಡೆದು ತಲೆ ಎಣಿಸಬೇಕು. ಎರಡು ಲೆಕ್ಕವೂ ತಾಳೆಯಾದರೆ ಮಾತ್ರ ‘ರೈಟ್’. ಮಳೆ ಬರಲಿ, ತಡವಾಗಲಿ, ಡ್ರೈವರ್ ಹಾರ್ನ್ ಹೊಡೆಯಲಿ, ಅವರು ಒಂದು ಸಲವೂ ಇದನ್ನು ಬಿಟ್ಟದ್ದು ನಾನು ಕಾಣೆ. ನಿಮ್ಮ ಮಗಳ ಶಾಲೆಯಲ್ಲಿ ಇಂಥವರು ಒಬ್ಬರಿದ್ದಾರಾ, ತಿಳಿದುಕೊಳ್ಳಿ. ಚಿಕ್ಕ ಮಕ್ಕಳಾದರೆ ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರಾದರೂ ಇರಬೇಕು ಅನ್ನುವುದು ನನ್ನ ಲೆಕ್ಕ. ಹೆಣ್ಣುಮಕ್ಕಳ ಜೊತೆ ರಾತ್ರಿ ಅದೇ ಮಹಡಿಯಲ್ಲಿ ಮಹಿಳಾ ಟೀಚರ್ ಮಲಗಬೇಕು. ಜೊತೆಗೆ ಬರುವ ಹೊರಗಿನವರು ಯಾರು, ಟೂರ್ ಏಜೆನ್ಸಿಯವರಾ, ಅವರು ಮಕ್ಕಳ ರೂಮಿಗೆ ಹೋಗಬಹುದಾ ಅಂತ ನೇರವಾಗಿಯೇ ಕೇಳಿ. ಇದರಲ್ಲಿ ಸಂಕೋಚ ಬೇಡ.

ಇನ್ನು ಕೊನೆಯದಾಗಿ, ಮಗುವಿಗೆ ಹುಷಾರು ತಪ್ಪಿದರೆ ಏನು ಮಾಡುತ್ತಾರೆ? ಒಳ್ಳೆಯ ಉತ್ತರ ಹೀಗಿರುತ್ತದೆ: ‘ಉಳಿಯುವ ಜಾಗದಿಂದ ಆಸ್ಪತ್ರೆ ಇಷ್ಟು ದೂರ. ಇಂಥ ಟೀಚರ್ ಮಗುವಿನ ಜೊತೆ ಹೋಗ್ತಾರೆ, ಮಿಕ್ಕವರನ್ನು ಇಂಥವರು ನೋಡಿಕೊಳ್ತಾರೆ, ನಿಮಗೆ ತಕ್ಷಣ ಫೋನ್ ಮಾಡ್ತೀವಿ.’ ಕೆಟ್ಟ ಉತ್ತರವೂ ನಿಮಗೆ ಗೊತ್ತಾಗುತ್ತದೆ: ‘ಅಯ್ಯೋ, ಏನೂ ಆಗಲ್ಲ ಬಿಡಿ, ಪ್ರತಿ ವರ್ಷ ಹೋಗ್ತೀವಿ.’ ಪ್ರತಿ ವರ್ಷ ಏನೂ ಆಗದೆ ಬಂದಿರುವುದು ಸಂತೋಷವೇ. ಆದರೆ ಅದು ನೀವು ಕೇಳಿದ್ದಕ್ಕೆ ಉತ್ತರವಲ್ಲ. ಇಷ್ಟು ಕೇಳಿದ್ದಕ್ಕೆ ಶಾಲೆಯವರು ಮುಖ ಗಂಟಿಕ್ಕಿದರೆ ನಾನು ಕಳಿಸಲು ಹಿಂದೆಮುಂದೆ ನೋಡುತ್ತೇನೆ. ಪ್ರವಾಸದ ಜವಾಬ್ದಾರಿ ಹೊತ್ತ ಟೀಚರ್‌ಗೆ ಇವೆಲ್ಲ ಬಾಯಲ್ಲೇ ಇರಬೇಕು.

ಈಗ ನಿಮ್ಮ ಮನೆಯ ಮಾತು. ಈ ಪ್ರಶ್ನೆಗಳನ್ನು ನೀವು ಕೇಳಬೇಡಿ, ನಿಮ್ಮ ಯಜಮಾನರೇ ಕೇಳಲಿ. ಶಾಲೆಗೆ ಅವರೇ ಹೋಗಲಿ, ಇಲ್ಲವೇ ಕ್ಲಾಸ್ ಟೀಚರ್‌ಗೆ ಅವರೇ ಫೋನ್ ಮಾಡಲಿ. ನೀವು ಕೇಳಿಕೊಂಡು ಬಂದು ಹೇಳಿದರೆ, ಅವರಿಗೆ ಅದು ಮಗಳ ಪರವಾಗಿ ನೀವು ಹೂಡುವ ವಾದದ ಹಾಗೆ ಕೇಳಿಸುತ್ತದೆ. ತಾವೇ ಕೇಳಿದರೆ ಅದು ಅವರ ತಿಳುವಳಿಕೆ. ಮನೆಯಲ್ಲಿ ಸುಮ್ಮನೆ ಹೆದರಿ ಕೂತವರಿಗೆ ಮಾಡಲು ಒಂದು ಕೆಲಸ ಕೊಟ್ಟರೆ ಹೆದರಿಕೆ ಅರ್ಧ ಇಳಿಯುತ್ತದೆ. ಎಷ್ಟೋ ಅಪ್ಪಂದಿರು ಬೇಡ ಅನ್ನಲು ಬಂದು, ಸಹಿ ಹಾಕಿ ಹೋದದ್ದನ್ನು ನಾನು ಸ್ಟಾಫ್ ರೂಮಿನಲ್ಲಿ ನೋಡಿದ್ದೇನೆ.

ಎಲ್ಲ ಕೇಳಿದ ಮೇಲೂ ಬೇಡ ಅನಿಸಿದರೆ ಬೇಡವೇ ಸರಿ. ಆಗ ಮಗಳಿಗೆ ಕಾರಣ ಹೇಳಿ. ‘ಅವರು ರಾತ್ರಿ ಬಸ್ಸು ಓಡಿಸ್ತಾರೆ, ಅದಕ್ಕೆ ಬೇಡ. ಮುಂದಿನ ವರ್ಷ ಹಗಲು ಹೋದರೆ ಕಳಿಸ್ತೀವಿ.’ ಅವಳು ಅಳಬಹುದು, ಆದರೆ ಅವಳಿಗೆ ಅರ್ಥವಾಗುತ್ತದೆ. ‘ನಾನು ಬೇಡ ಅಂದ್ರೆ ಬೇಡ’ ಅನ್ನುವುದು ಮಾತ್ರ ಅವಳಿಗೆ ‘ನಿನ್ನ ಮೇಲೆ ನಂಬಿಕೆಯಿಲ್ಲ’ ಅಂತಲೇ ಕೇಳಿಸುತ್ತದೆ. ಅದರ ನೋವು ಟೂರ್ ತಪ್ಪಿದ ನೋವಿಗಿಂತ ಜಾಸ್ತಿ ದಿನ ಉಳಿಯುತ್ತದೆ.

ಪ್ರಶ್ನೆ: ನನ್ನ ಮಗ ಒಂಬತ್ತನೇ ಕ್ಲಾಸು, ಈಜು ಚೆನ್ನಾಗಿ ಬರುತ್ತದೆ. ಪ್ರವಾಸದಲ್ಲಿ ಒಂದು ಪೂರ್ತಿ ದಿನ ಕಡಲತೀರ ಇದೆ. ಈಜು ಬರುವ ಮಕ್ಕಳ ಬಗ್ಗೆ ಚಿಂತೆ ಮಾಡಬೇಕಿಲ್ಲ ಅಲ್ವಾ?
– ಒಬ್ಬ ತಂದೆ

ಉತ್ತರ: ಮಾಡಬೇಕು ಸರ್. ಈಜುಕೊಳದ ನೀರು ನಿಂತ ನೀರು. ಆಳ ಎಷ್ಟು ಅಂತ ಗೋಡೆಯ ಮೇಲೆ ಬರೆದಿರುತ್ತದೆ, ಹಿಡಿದುಕೊಳ್ಳಲು ಅಂಚಿರುತ್ತದೆ. ಸಮುದ್ರದಲ್ಲಿ ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ನದಿಯಲ್ಲಿ ಮೇಲೆ ಶಾಂತ, ಒಳಗೆ ಸೆಳೆತ. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವರು ಮರುಕ್ಷಣ ಎದೆಯುದ್ದ ನೀರಿನಲ್ಲಿರುತ್ತಾರೆ. ಈಜು ಬರುವ ಹುಡುಗರಿಗೆ ಇನ್ನೊಂದು ಕಷ್ಟವಿದೆ. ಬಾರದವನು ದಡದಲ್ಲಿ ಉಳಿಯುತ್ತಾನೆ, ಬರುವವನು ಮುಂದೆ ಹೋಗುತ್ತಾನೆ. ಗೆಳೆಯ ಮುಳುಗಿದರೆ ಎಳೆದು ತರಲು ಹಾರುವವನೂ ಅವನೇ.

5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ನೀರಿನಲ್ಲಿ ಮುಳುಗುವುದು ಜಗತ್ತಿನಲ್ಲಿ ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯಲ್ಲಿ ಇದಿದೆ. ಮುಳುಗುವವರು ಕೈ ಬೀಸಿ ‘ಕಾಪಾಡಿ’ ಅಂತ ಕೂಗುತ್ತಾರೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಾಗುವುದಿಲ್ಲ. ಫ್ರಾಂಕ್ ಪಿಯಾ ಎಂಬ ಅಮೆರಿಕದ ಜೀವರಕ್ಷಕ ಇದನ್ನು ಕಣ್ಣಾರೆ ನೋಡಿ, ಚಿತ್ರೀಕರಿಸಿ ವಿವರಿಸಿದರು. ಬಾಯಿ ನೀರಿನ ಮೇಲೆ ಬರುವ ಒಂದು ಗಳಿಗೆಯಲ್ಲಿ ಉಸಿರು ಎಳೆದುಕೊಳ್ಳುವುದೇ ಕಷ್ಟ, ಕೂಗಲು ಉಸಿರೆಲ್ಲಿ? ಕೈಗಳು ಎರಡೂ ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಬೀಸಲು ಆಗುವುದಿಲ್ಲ. ಮೈ ನೆಟ್ಟಗೆ ನಿಂತಂತೆ ಇರುತ್ತದೆ. ಹೀಗೆ 20ರಿಂದ 60 ಸೆಕೆಂಡ್, ಆಮೇಲೆ ಮುಳುಗುತ್ತಾರೆ. ಪಕ್ಕದಲ್ಲಿ ಆಡುವ ಮಕ್ಕಳಿಗೆ ಅದು ಗೊತ್ತೇ ಆಗುವುದಿಲ್ಲ. ದಡದಲ್ಲಿ ಫೋಟೋ ತೆಗೆಯುತ್ತಿರುವ ಟೀಚರ್‌ಗೂ ಗೊತ್ತಾಗುವುದಿಲ್ಲ.

ದೋಣಿ, ಜಲಕ್ರೀಡೆ ಅಂತೆಲ್ಲ ಇದ್ದರೆ ಇನ್ನೂ ಜಾಸ್ತಿ ಕೇಳಿ. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲೈಮ್ ಬೇ ಎಂಬಲ್ಲಿ ಶಾಲೆಯೊಂದರ 8 ಮಕ್ಕಳು ತಮ್ಮ ಟೀಚರ್ ಮತ್ತು ಇಬ್ಬರು ತರಬೇತುದಾರರ ಜೊತೆ ಹುಟ್ಟು ಹಾಕುವ ಸಣ್ಣ ದೋಣಿಗಳಲ್ಲಿ ಸಮುದ್ರಕ್ಕೆ ಇಳಿದರು. ದೋಣಿಗಳು ತೀರದಿಂದ ದೂರ ಹೋದವು, ನೀರು ತುಂಬಿಕೊಂಡಿತು. ಸಹಾಯ ಬರುವಷ್ಟರಲ್ಲಿ ಗಂಟೆಗಟ್ಟಲೆ ತಣ್ಣೀರಿನಲ್ಲಿದ್ದು 4 ಮಕ್ಕಳು ತೀರಿಕೊಂಡರು. ಅವರೇನೂ ಪುಟ್ಟ ಮಕ್ಕಳಲ್ಲ, ಹದಿನಾರು-ಹದಿನೇಳರವರು. ಅವರನ್ನು ಕರೆದೊಯ್ದ ಸಾಹಸ ಕೇಂದ್ರದಲ್ಲಿ ಸುರಕ್ಷತೆ ಸರಿಯಿಲ್ಲ ಎಂದು ಕೆಲಸ ಬಿಟ್ಟ ಬೇರೆ ಇಬ್ಬರು ತರಬೇತುದಾರರು ಹಿಂದಿನ ವರ್ಷವೇ ಅಲ್ಲಿನ ಮುಖ್ಯಸ್ಥರಿಗೆ ಪತ್ರ ಬರೆದು ಎಚ್ಚರಿಸಿದ್ದರು. ಇದೆಲ್ಲ ಆದ ಮೇಲೆ, 1995ರಲ್ಲಿ, ಮಕ್ಕಳಿಗೆ ಸಾಹಸ ಚಟುವಟಿಕೆ ನಡೆಸುವ ಕೇಂದ್ರಗಳಿಗೆ ಪರವಾನಗಿ ಬೇಕು ಎನ್ನುವ ಕಾನೂನು ಅಲ್ಲಿ ಬಂತು. ಈ ಕಥೆ ಓದಿದಾಗಲೆಲ್ಲ ಆ ಪತ್ರದ ಬಗ್ಗೆಯೇ ನಾನು ಯೋಚಿಸುತ್ತೇನೆ. ಗೊತ್ತಿದ್ದವರು ಹೇಳಿದ್ದರು. ಕೇಳುವವರು ಇರಲಿಲ್ಲ.

ಆದ್ದರಿಂದ ನೀವು ಕೇಳಿ. ನೀರಿಗೆ ಇಳಿಸುತ್ತೀರಾ? ಎಷ್ಟು ಆಳದವರೆಗೆ? ಜೀವರಕ್ಷಕರು ಇರುವ ತೀರವಾ? ನೀರನ್ನೇ ನೋಡುತ್ತ ನಿಲ್ಲುವುದೊಂದೇ ಕೆಲಸ ಅಂತ ಯಾವ ಟೀಚರ್‌ಗೆ ವಹಿಸಿದ್ದೀರಿ? ದೋಣಿ ಹತ್ತುವ ಮುಂಚೆ ಪ್ರತಿ ಮಗುವಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಹಾಕಿ ಬಕಲ್ ಬಿಗಿಯುತ್ತಾರಾ? ಸರಿಯಾದ ಉತ್ತರ ಸಿಗದಿದ್ದರೆ ‘ನನ್ನ ಮಗ ನೀರಿಗೆ ಇಳಿಯಕೂಡದು’ ಎಂದು ಒಪ್ಪಿಗೆ ಪತ್ರದ ಮೇಲೇ ಬರೆದು ಸಹಿ ಹಾಕಿ. ಮಗನಿಗೂ ಮುಖಕ್ಕೆ ಮುಖ ಕೊಟ್ಟು ಒಂದು ಮಾತು ಹೇಳಿ. ಗೆಳೆಯ ಮುಳುಗುತ್ತಿದ್ದರೆ ನೀರಿಗೆ ಹಾರಬೇಡ. ಕೂಗು, ಹಗ್ಗವೋ ಕೋಲೋ ತೇಲುವ ಖಾಲಿ ಡಬ್ಬವೋ ಎಸೆ. ಈ ಮಾತು ಮನೆಯಿಂದ ಹೊರಡುವ ಮುಂಚೆಯೇ ಅವನ ತಲೆಯಲ್ಲಿರಬೇಕು.

ಪ್ರಶ್ನೆ: ದಯವಿಟ್ಟು ಹೆಸರು ಹಾಕಬೇಡಿ. ನನ್ನ ಮಗನಿಗೆ ಒಂಬತ್ತು ವರ್ಷ. ವಾರಕ್ಕೆ ಎರಡು ಮೂರು ಸಲ ರಾತ್ರಿ ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುತ್ತಾನೆ. ಶಾಲೆಯಲ್ಲಿ ಒಂದು ರಾತ್ರಿಯ ಕ್ಯಾಂಪ್ ಇದೆ. ಅವನಿಗೆ ಹೋಗುವ ಆಸೆ. ಆದರೆ ‘ಎಲ್ರೂ ನಗ್ತಾರೆ ಅಮ್ಮ’ ಅಂತ ಅವನೇ ಬೇಡ ಅನ್ನುತ್ತಿದ್ದಾನೆ.

ಉತ್ತರ: ನಿಮ್ಮ ಮಗನಿಗೆ ಮೊದಲು ಇದನ್ನು ಹೇಳಿ: ಅವನೊಬ್ಬನೇ ಅಲ್ಲ. ಏಳು ವರ್ಷದ ಮಕ್ಕಳಲ್ಲಿ ನೂರಕ್ಕೆ 5ರಿಂದ 10 ಮಕ್ಕಳಿಗೆ ಇದಿದೆ. ಪ್ರತಿ ವರ್ಷ ಇಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಕ್ಕಳಿಗೆ ತಾನಾಗಿಯೇ ನಿಂತುಹೋಗುತ್ತದೆ. ಇದು ಸೋಮಾರಿತನವಲ್ಲ, ಹಟವಲ್ಲ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಇದ್ದರೆ ಮಕ್ಕಳಿಗೂ ಬರುವುದು ಜಾಸ್ತಿ. ಹಾಗಿದ್ದರೆ ಅದನ್ನೂ ಅವನಿಗೆ ಹೇಳಿ. ಅವನ ಎದೆಯ ಮೇಲಿನ ಭಾರ ಎಷ್ಟೋ ಇಳಿಯುತ್ತದೆ.

ಈಗಲೇ ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಕ್ಯಾಂಪಿನ ಹಿಂದಿನ ದಿನ ಅಲ್ಲ. ಇಂಥ ಒಂದೆರಡು ರಾತ್ರಿಗಳಿಗಾಗಿಯೇ ಡೆಸ್ಮೊಪ್ರೆಸಿನ್ ಎಂಬ ಮಾತ್ರೆಯನ್ನು ಡಾಕ್ಟರ್‌ಗಳು ಕೊಡುವುದುಂಟು. ಅದು ಆ ರಾತ್ರಿ ಮೂತ್ರ ಕಡಿಮೆ ಆಗುವಂತೆ ಮಾಡುತ್ತದೆ. ಆದರೆ ಅದನ್ನು ತೆಗೆದುಕೊಂಡ ರಾತ್ರಿ ಜಾಸ್ತಿ ನೀರು ಕುಡಿಯುವಂತಿಲ್ಲ, ಕುಡಿದರೆ ಅಪಾಯ. ನಿಮ್ಮ ಮಗುವಿಗೆ ಸರಿಹೋಗುತ್ತದಾ, ಎಷ್ಟು ಕೊಡಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಮನೆಯಲ್ಲಿ ಮೊದಲೇ ಕೊಟ್ಟು ನೋಡಿರಬೇಕು.

ಆಮೇಲೆ ಟೀಚರ್‌ಗೆ ಹೇಳಿ. ಒಬ್ಬರಿಗೆ, ಅವನಿಗೆ ಇಷ್ಟವಾದವರಿಗೆ, ಬಾಗಿಲು ಹಾಕಿಕೊಂಡು. ಇಂಥ ಮಾತು ಹೇಳಿಕೊಂಡ ತಾಯಂದಿರನ್ನು ನಾನು ಬಹಳ ನೋಡಿದ್ದೇನೆ. ಒಂದು ಸಲಕ್ಕೂ ಅದು ನನಗೆ ಹೊರೆ ಅನಿಸಿಲ್ಲ. ಟೀಚರ್ ಏನು ಮಾಡಬಹುದು ಗೊತ್ತಾ? ಅವನ ಹಾಸಿಗೆಯನ್ನು ಬಾಗಿಲ ಹತ್ತಿರ ಹಾಕಿಸಬಹುದು. ತಾವು ಮಲಗುವ ಮುಂಚೆ ಅವನ ಭುಜ ತಟ್ಟಿ ಎಬ್ಬಿಸಿ ಟಾಯ್ಲೆಟ್‌ಗೆ ಕರೆದುಕೊಂಡು ಹೋಗಬಹುದು. ನೀವು ಕಡು ಬಣ್ಣದ ಎರಡು ಪ್ಯಾಂಟ್, ಒಂದು ಟವೆಲ್, ಗಟ್ಟಿ ಪ್ಲಾಸ್ಟಿಕ್ ಚೀಲ ಸ್ಲೀಪಿಂಗ್ ಬ್ಯಾಗಿನ ತಳದಲ್ಲಿ ಇಡಿ. ಒದ್ದೆಯಾದರೆ ಅವನು ಮಾಡಬೇಕಾದದ್ದು ಇಷ್ಟೇ: ಪ್ಯಾಂಟ್ ಬದಲಿಸಿ, ಒದ್ದೆಯದನ್ನು ಚೀಲಕ್ಕೆ ಹಾಕಿ, ಮತ್ತೆ ಮಲಗುವುದು. ಇದನ್ನು ಮನೆಯಲ್ಲಿ ದೀಪ ಆರಿಸಿ ಒಂದು ಸಲ ಅಭ್ಯಾಸ ಮಾಡಿಸಿ. ಏನು ಮಾಡಬೇಕು ಅಂತ ಕೈಗೆ ಗೊತ್ತಿದ್ದರೆ ಮಕ್ಕಳು ಧೈರ್ಯವಾಗಿ ಹೊರಡುತ್ತಾರೆ.

ಪ್ರಶ್ನೆ: ಪರೀಕ್ಷೆ ಹತ್ತಿರ ಬರುತ್ತಿದೆ. ಟೂರ್ ಅಂತ ಪಾಠ ಕಳೆದುಕೊಳ್ಳುವುದು ಬೇಕಾ? ಅಲ್ಲಿ ಮಕ್ಕಳು ಗಲಾಟೆ ಮಾಡಿ ಬರುವುದು ಬಿಟ್ಟು ಏನು ಕಲಿಯುತ್ತಾರೆ?

ಉತ್ತರ: ಗಲಾಟೆ ಮಾಡುತ್ತಾರೆ, ಮಾಡಬೇಕು ಕೂಡ. ಆದರೆ ಕಲಿಯುತ್ತಾರೆ. ಇದನ್ನು ಬಹಳ ಅಚ್ಚುಕಟ್ಟಾಗಿ ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಅರ್ಕನ್ಸಾದಲ್ಲಿ 2011ರಲ್ಲಿ ಕ್ರಿಸ್ಟಲ್ ಬ್ರಿಡ್ಜಸ್ ಎಂಬ ಕಲಾ ಸಂಗ್ರಹಾಲಯ ತೆರೆದಾಗ, ಬರುತ್ತೇವೆ ಅಂದ ಶಾಲೆಗಳು ಬೇಕಾದಷ್ಟು. ಆಗ ಲಾಟರಿ ಎತ್ತಿ ಕೆಲವು ಶಾಲೆಗಳನ್ನು ಮೊದಲು, ಉಳಿದವನ್ನು ಆಮೇಲೆ ಕರೆದರು. ಸಂಶೋಧಕರು ಎರಡೂ ಕಡೆಯ ಮಕ್ಕಳನ್ನು ಹೋಲಿಸಿದರು. 123 ಶಾಲೆಗಳು, ಸುಮಾರು 11,000 ಮಕ್ಕಳು. ಅಲ್ಲಿ ಈಸ್ಟ್‌ಮನ್ ಜಾನ್ಸನ್ ಎಂಬ ಕಲಾವಿದನ ಒಂದು ಚಿತ್ರವಿದೆ. ಕೆಲವರು ಮರದ ರಸದಿಂದ ಸಿಹಿ ಪಾಕ ತೆಗೆಯುತ್ತಿದ್ದಾರೆ. ಸಕ್ಕರೆ ಉದ್ಯಮ ಗುಲಾಮರ ದುಡಿಮೆಯ ಮೇಲೆ ನಿಂತಿತ್ತು, ಅದಕ್ಕೆ ಪೆಟ್ಟು ಕೊಡಲು ಗುಲಾಮಗಿರಿಯ ವಿರೋಧಿಗಳು ಹೀಗೆ ಮಾಡುತ್ತಿದ್ದರು. ಚಿತ್ರ ನೋಡಿ ಬಂದ ಮಕ್ಕಳಲ್ಲಿ ನೂರಕ್ಕೆ 88 ಮಂದಿಗೆ, ವಾರಗಳ ನಂತರ ಕೇಳಿದಾಗಲೂ, ಆ ವಿಷಯ ನೆನಪಿತ್ತು. ಅವರೇನೂ ಪರೀಕ್ಷೆಗೆ ಓದಿಕೊಂಡಿರಲಿಲ್ಲ. ಹೊಸದೊಂದು ಚಿತ್ರ ಕೊಟ್ಟರೆ ಅದನ್ನು ಗಮನಿಸಿ ಬರೆಯುವುದರಲ್ಲೂ ಅವರು ಮುಂದಿದ್ದರು. ಹಳ್ಳಿ ಕಡೆಯ, ಬಡತನ ಜಾಸ್ತಿ ಇರುವ ಶಾಲೆಗಳ ಮಕ್ಕಳಿಗೆ ಇನ್ನೂ ಹೆಚ್ಚು ಪ್ರಯೋಜನ ಕಂಡಿತು. ಇಷ್ಟೆಲ್ಲ ಆದದ್ದು ಅರ್ಧ ದಿನದ ಭೇಟಿಯಿಂದ.

ಪರೀಕ್ಷೆಗೆ ಒಂದು ವಾರವಿದ್ದಾಗ ಟೂರ್ ಇಟ್ಟಿದ್ದರೆ ಅದು ಶಾಲೆಯ ತಪ್ಪು, ಹೋಗಿ ಹೇಳಿ. ಒಂದು ತಿಂಗಳಿದ್ದರೆ ಕಳಿಸಿ.

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ. ನಾವು ಕಳಿಸಲು ಸಿದ್ಧ. ಅವನೇ ಹೋಗಲ್ಲ ಅನ್ನುತ್ತಾನೆ. ಬಲವಂತ ಮಾಡಬಹುದಾ?

ಉತ್ತರ: ಬಲವಂತ ಬೇಡ. ಆದರೆ ‘ಹೋಗಲ್ಲ’ ಅಂದ ತಕ್ಷಣ ಬಿಟ್ಟುಬಿಡುವುದೂ ಬೇಡ. ಅದರ ಹಿಂದೆ ಏನಿದೆ ಅಂತ ಮೆಲ್ಲಗೆ ಬಿಡಿಸಿ ನೋಡಿ. ಎದುರು ಕೂರಿಸಿಕೊಂಡು ‘ಯಾಕೆ?’ ಅಂದರೆ ಹುಡುಗರು ಬಾಯಿ ಬಿಡುವುದಿಲ್ಲ. ಜೊತೆಯಲ್ಲಿ ನಡೆಯುವಾಗಲೋ ಗಾಡಿಯಲ್ಲಿ ಹೋಗುವಾಗಲೋ ಕೇಳಿ. ‘ಬಸ್ಸಲ್ಲಿ ಯಾರ ಪಕ್ಕ ಕೂರ್ತೀಯಾ?’ ‘ರೂಮಲ್ಲಿ ಯಾರ್ ಯಾರು ಇರ್ತೀರಾ?’ ಅಂತ ಕೇಳಿದರೆ ವಿಷಯ ಹೊರಬೀಳುತ್ತದೆ. ಪಕ್ಕ ಕೂರಲು ಯಾರೂ ಇಲ್ಲ ಅನ್ನುವ ಮಗು ಇದೆ. ಅದೇ ರೂಮಿನಲ್ಲಿ ದಿನಾ ಗೋಳುಹೊಯ್ದುಕೊಳ್ಳುವ ಹುಡುಗನಿದ್ದಾನೆ ಅನ್ನುವ ಮಗು ಇದೆ. ಇವನ್ನು ಟೀಚರ್ ಸರಿಮಾಡಬಹುದು, ಟೂರ್ ಇಲ್ಲದಿದ್ದರೂ ಸರಿಮಾಡಲೇಬೇಕು. ಬಸ್ಸಿನಲ್ಲಿ ವಾಂತಿಯಾಗುತ್ತದೆ ಅನ್ನುವ ನಾಚಿಕೆಯೂ ಇರಬಹುದು. ಅದಕ್ಕೆ ಮುಂದಿನ ಸೀಟು ಕೊಡಿಸಿ. ದೂರದ ರಸ್ತೆ ನೋಡುತ್ತ ಕೂರಲಿ, ಪುಸ್ತಕ, ಮೊಬೈಲ್ ಬೇಡ. ಡಾಕ್ಟರ್ ಕೊಟ್ಟ ಮಾತ್ರೆಯನ್ನು ಹೊರಡುವ ಅರ್ಧ-ಒಂದು ಗಂಟೆ ಮುಂಚೆಯೇ ತೆಗೆದುಕೊಳ್ಳಲಿ. ವಾಂತಿ ಶುರುವಾದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ.

ಮನೆಯ ನೆನಪಾಗಿ ಅಳು ಬಂದರೆ ಅನ್ನುವ ಭಯವಿದ್ದರೆ, ಅದು ಬರುತ್ತದೆ ಅಂತಲೇ ಅವನಿಗೆ ಹೇಳಿ. ಹೊರಗೆ ಉಳಿದ ಬಹುಪಾಲು ಮಕ್ಕಳಿಗೆ ಸ್ವಲ್ಪವಾದರೂ ಬರುತ್ತದೆ, ಹೆಚ್ಚಾಗಿ ರಾತ್ರಿ ಮಲಗುವ ಹೊತ್ತಿಗೆ. ಮೊದಲೇ ಒಂದು ರಾತ್ರಿ ಅಜ್ಜಿ ಮನೆಯಲ್ಲೋ ಗೆಳೆಯನ ಮನೆಯಲ್ಲೋ ಬಿಟ್ಟು ಅಭ್ಯಾಸ ಮಾಡಿಸಿ. ಆದರೆ ಒಂದು ಮಾತನ್ನು ಮಾತ್ರ ಕೊಡಬೇಡಿ: ‘ಬೇಜಾರಾದ್ರೆ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀನಿ.’ ಈ ಮನೆ ನೆನಪಿನ ವಿಷಯವನ್ನು ವರ್ಷಾನುಗಟ್ಟಲೆ ಅಧ್ಯಯನ ಮಾಡಿದ ಮನಃಶಾಸ್ತ್ರಜ್ಞ ಕ್ರಿಸ್ಟೋಫರ್ ಥರ್ಬರ್ ಕೂಡ ಇದನ್ನೇ ಹೇಳುತ್ತಾರೆ. ಹಾಗೆ ಮಾತು ಕೊಟ್ಟರೆ ‘ನನ್ನ ಕೈಲಿ ಆಗಲ್ಲ ಅಂತ ಅಮ್ಮನಿಗೂ ಗೊತ್ತು’ ಅಂತ ಮಗು ಅಂದುಕೊಳ್ಳುತ್ತದೆ. ಅದರ ಬದಲು ‘ಅಳು ಬಂದ್ರೆ ಇಂಥ ಮಿಸ್ ಹತ್ರ ಹೋಗು’ ಅನ್ನಿ.

ಎಲ್ಲ ಮಾಡಿದ ಮೇಲೂ ಬೇಡ ಅಂದರೆ ಈ ವರ್ಷ ಬಿಡಿ. ಹತ್ತು ವರ್ಷದ ಹುಡುಗ, ಏನೂ ಮುಳುಗಿಹೋಗಿಲ್ಲ.

ಪ್ರಶ್ನೆ: ಶಾಲೆಯವರು ಮೊಬೈಲ್ ತರಬಾರದು ಅನ್ನುತ್ತಾರೆ. ಗಂಟೆಗೊಮ್ಮೆ ಮಾತಾಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಜಿಪಿಎಸ್ ವಾಚ್ ಕಟ್ಟಿ ಕಳಿಸಲಾ?

ಉತ್ತರ: ವಾಚ್ ಮಗು ಎಲ್ಲಿದೆ ಅಂತ ಹೇಳುತ್ತದೆ, ಹೇಗಿದೆ ಅಂತ ಹೇಳುವುದಿಲ್ಲ. ಮೊಬೈಲ್ ಬೇಡ ಅನ್ನುವ ಶಾಲೆಯ ಪರ ನಾನು. ಅದರ ಬದಲು ದಿನಕ್ಕೆ ಎರಡು ಸಲ, ಬೆಳಗ್ಗೆ ಹೊರಟಾಗ ಮತ್ತು ರಾತ್ರಿ ಮುಟ್ಟಿದಾಗ, ಟೀಚರ್ ಎಲ್ಲ ಪಾಲಕರಿಗೂ ಒಂದು ಮೆಸೇಜ್ ಹಾಕಲಿ ಅಂತ ಕೇಳಿ. ಜೊತೆಗೆ ಹೋಗುವ ಇಬ್ಬರು ಟೀಚರ್‌ಗಳ ನಂಬರ್ ಇಟ್ಟುಕೊಳ್ಳಿ. ನಿಮ್ಮ ನಂಬರನ್ನು ಮಗುವಿಗೆ ಬಾಯಿಪಾಠ ಮಾಡಿಸಿ, ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲೂ ಇಡಿ. ಗಂಟೆಗೊಮ್ಮೆ ಫೋನ್ ಮಾತ್ರ ಬೇಡ. ನಿಮ್ಮ ಹಾಗೆ ಮೂವತ್ತು ತಾಯಂದಿರು ಮಾಡಿದರೆ ಮಕ್ಕಳನ್ನು ನೋಡಬೇಕಾದ ಟೀಚರ್ ಫೋನ್ ನೋಡುತ್ತ ಕೂರಬೇಕಾಗುತ್ತದೆ.

ಪ್ರಶ್ನೆ: ಮಗಳಿಗೆ ಆಸ್ತಮಾ ಇದೆ. ಒಂದು ದಿನದ ಟೂರ್. ಔಷಧಿಯೆಲ್ಲ ಬ್ಯಾಗಿನಲ್ಲಿ ಹಾಕಿ ಕಳಿಸಿದರೆ ಸಾಕಾ?

ಉತ್ತರ: ಯಾವ ಬ್ಯಾಗಿನಲ್ಲಿ? ದೊಡ್ಡ ಬ್ಯಾಗುಗಳೆಲ್ಲ ಬಸ್ಸಿನ ಡಿಕ್ಕಿಯಲ್ಲಿರುತ್ತವೆ. ಉಸಿರು ಕಟ್ಟಿದಾಗ ಡ್ರೈವರನ್ನು ಹುಡುಕಿ, ಡಿಕ್ಕಿ ತೆಗೆಸಿ, ಮೂವತ್ತು ಬ್ಯಾಗುಗಳ ಅಡಿಯಿಂದ ಇನ್ಹೇಲರ್ ಎಳೆಯುವಷ್ಟು ಪುರಸೊತ್ತು ಇರುವುದಿಲ್ಲ. ತಕ್ಷಣಕ್ಕೆ ಎಳೆದುಕೊಳ್ಳುವ ಇನ್ಹೇಲರ್ ಅವಳ ಜೇಬಿನಲ್ಲೋ ಸೊಂಟದ ಪುಟ್ಟ ಚೀಲದಲ್ಲೋ ಇರಲಿ, ಇನ್ನೊಂದು ಟೀಚರ್ ಕೈಚೀಲದಲ್ಲಿರಲಿ. ಇನ್ಹೇಲರ್‌ಗೆ ಸಿಕ್ಕಿಸುವ ಕೊಳವೆ, ಅಂದರೆ ಸ್ಪೇಸರ್ ಬಳಸುವುದಾದರೆ ಅದೂ ಜೊತೆಗಿರಲಿ. ಯಾವಾಗ ಎಷ್ಟು ಸಲ ಎಳೆಯಬೇಕು, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು ಅಂತ ಡಾಕ್ಟರ್ ಹತ್ತಿರ ಒಂದು ಹಾಳೆಯಲ್ಲಿ ಬರೆಸಿ ಟೀಚರ್‌ಗೆ ಕೊಡಿ. ಇನ್ಹೇಲರ್‌ನಲ್ಲಿ ಔಷಧಿ ಉಳಿದಿದೆಯಾ, ತಾರೀಕು ಮುಗಿದಿಲ್ಲ ತಾನೇ ಅಂತ ಹಿಂದಿನ ದಿನ ನೋಡಿ. ಇಷ್ಟು ಮಾಡಿ ಕಳಿಸಿ.

ಪ್ರಶ್ನೆ: ಮೇಡಂ, ನಾನು ಎಂಟನೇ ಕ್ಲಾಸು ಹುಡುಗಿ. ಅಮ್ಮ ನಿಮ್ಮ ಅಂಕಣ ಓದ್ತಾರೆ. ಅಣ್ಣ ಎಂಟನೇ ಕ್ಲಾಸಲ್ಲಿದ್ದಾಗ ಟೂರ್‌ಗೆ ಕಳಿಸಿದ್ದರು. ನನ್ನನ್ನು ಕಳಿಸಲ್ಲ ಅಂತಾರೆ. ಕೇಳಿದರೆ ‘ಅವನು ಹುಡುಗ’ ಅಂತಾರೆ. ನಾನು ಅಣ್ಣನಿಗಿಂತ ಜವಾಬ್ದಾರಿಯಿಂದ ಇರ್ತೀನಿ. ಅಪ್ಪನಿಗೆ ಹೇಗೆ ಹೇಳಲಿ?

ಉತ್ತರ: ಪುಟ್ಟಿ, ನೀನು ಕೇಳಿದ್ದು ನ್ಯಾಯವಾಗಿದೆ. ಇದನ್ನು ನಿನ್ನ ಅಮ್ಮ ಓದುತ್ತಾರೆ ಅಂದೆಯಲ್ಲ, ಹಾಗಾಗಿ ಮೊದಲು ಅವರ ಜೊತೆ ಎರಡು ಮಾತು.

ಅಮ್ಮಾ, ಬಸ್ಸು ಮಗುಚಿದರೆ ಹುಡುಗ ಹುಡುಗಿ ಅಂತ ನೋಡುವುದಿಲ್ಲ, ನೀರೂ ನೋಡುವುದಿಲ್ಲ. ಮಗನನ್ನು ಕಳಿಸುವಾಗ ಆ ಭಯ ಅಡ್ಡ ಬರಲಿಲ್ಲ. ಮಗಳ ವಿಷಯದಲ್ಲಿ ನಿಮಗಿರುವುದು ಬೇರೆ ಭಯ, ಯಾರಾದರೂ ಅವಳಿಗೆ ಕೆಡುಕು ಮಾಡಿದರೆ ಅನ್ನುವುದು. ಆ ಭಯ ನನಗೆ ಅರ್ಥವಾಗುತ್ತದೆ. ಅದಕ್ಕೆ ಬೇಕಾದದ್ದು ಮಹಿಳಾ ಟೀಚರ್ ಎಷ್ಟು ಜನ, ರೂಮಿನ ಚಿಲಕ ಸರಿಯಿದೆಯಾ, ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಅನ್ನುವ ವಿಚಾರಣೆ. ಈ ವಿಚಾರಣೆ ಮಗನಿಗೂ ಬೇಕಿತ್ತು. ಗಂಡುಮಕ್ಕಳಿಗೂ ಕೆಡುಕು ಆಗುತ್ತದೆ. ಕೇಳುವವರಿಲ್ಲದೆ ಅವರು ಬಾಯಿ ಮುಚ್ಚಿಕೊಂಡಿರುತ್ತಾರೆ. ನಿಮ್ಮ ಮಗಳು ಮನೆಯಲ್ಲಿ ಕೂತು ಕಲಿಯುವುದು ಒಂದೇ: ಹೊರಗಿನ ಜಗತ್ತು ಅಣ್ಣನದು, ತನ್ನದಲ್ಲ. ಅದನ್ನು ಅವಳಿಗೆ ಕಲಿಸಬೇಡಿ.

ಈಗ ನಿನಗೆ. ಅಪ್ಪನ ಹತ್ತಿರ ಅಣ್ಣನ ವಿಷಯ ಎತ್ತಿಕೊಂಡು ಹೋಗಬೇಡ. ಹಾಗೆ ಶುರು ಮಾಡಿದರೆ ಅದು ಜಗಳದಲ್ಲೇ ಮುಗಿಯುತ್ತದೆ. ಒಂದು ಹಾಳೆ ತಗೋ. ಟೂರ್ ಎಂದು ಹೊರಡುತ್ತದೆ, ಎಂದು ವಾಪಸ್, ಎಲ್ಲಿ ಉಳಿಯುತ್ತೀರಿ, ಜೊತೆಗೆ ಬರುವ ಟೀಚರ್‌ಗಳು ಯಾರು, ಅವರ ನಂಬರ್, ನಿನ್ನ ರೂಮಿನಲ್ಲಿರುವ ಗೆಳತಿಯರು ಯಾರು, ಅವರ ಅಪ್ಪ ಅಮ್ಮನ ನಂಬರ್, ಎಲ್ಲ ಬರೆ. ಗೊತ್ತಿಲ್ಲದ್ದನ್ನು ಟೀಚರ್ ಹತ್ತಿರ ಕೇಳಿ ಬರೆ. ಮೇಲೆ ಮೊದಲ ತಾಯಿಗೆ ನಾನು ಹೇಳಿದ ಪ್ರಶ್ನೆಗಳಿವೆಯಲ್ಲ, ಅವನ್ನೂ ಸೇರಿಸು. ಅಪ್ಪ ಆರಾಮಾಗಿ ಕೂತಿರುವ ಹೊತ್ತು ನೋಡಿ ಕೊಡು. ‘ಅಪ್ಪಾ, ಇದನ್ನು ಓದಿ ಆಮೇಲೆ ಹೇಳಿ’ ಅಂತ ಹೇಳಿ ಎದ್ದು ಬಾ. ಅಲ್ಲೇ ನಿಂತು ಉತ್ತರಕ್ಕೆ ಒತ್ತಾಯ ಮಾಡಬೇಡ. ನಾಳೆ ಕೇಳು.

ಒಪ್ಪಿಗೆ ಪತ್ರ ಕೊಡಲು ಕೊನೆಯ ದಿನ ಯಾವುದು ಅಂತ ಈಗಲೇ ನೋಡಿಕೋ. ಕಡಿಮೆ ದಿನವಿದ್ದರೆ ಈ ಹಾಳೆಯನ್ನು ಇವತ್ತು ಸಂಜೆಯೇ ಬರೆ. ಅಪ್ಪನಿಗೆ ಟೀಚರ್ ಜೊತೆ ಮಾತಾಡಬೇಕು ಅನಿಸಿದರೆ ಫೋನ್ ಹಚ್ಚಿಕೊಡು.